ಉಡುಪಿಗೆ ಹೊಂದುವ ನೆರಳು ಗಡಿಯಾರ: ಎರಡು ಮುಖ, ಒಂದು ಕಡ್ಡಿ

ನೆರಳು ಗಡಿಯಾರ ಮಾಡುವ ವಿಧಾನ ಹುಡುಕಹೊರಟರೆ ಹೆಚ್ಚಾಗಿ ಎದುರಾಗುವುದು ಒಂದೇ ಚಿತ್ರ: ಮಲಗಿಸಿದ ದುಂಡು ತಟ್ಟೆ, ಅದರ ಮೇಲೆ ತ್ರಿಕೋನದ ರೆಕ್ಕೆ, ಸುತ್ತ ಗಂಟೆಯ ಗೆರೆಗಳು. ಲಂಡನ್ನಿನ ತೋಟಕ್ಕೆ ಅದು ಸರಿ. ಉಡುಪಿ, ಮಂಗಳೂರಿನ ಅಂಗಳಕ್ಕೆ ಸರಿಯಲ್ಲ. ಆ ರೆಕ್ಕೆಯ ಓರೆ ಊರಿನ ಅಕ್ಷಾಂಶದಷ್ಟೇ ಇರಬೇಕು. ಲಂಡನ್ನಿಗೆ ಅದು 51.5 ಡಿಗ್ರಿ, ಉಡುಪಿಗೆ 13.3, ಮಂಗಳೂರಿಗೆ 12.9. ಅಂದರೆ ನಮ್ಮಲ್ಲಿ 20 ಸೆಂ.ಮೀ. ಉದ್ದದ ರೆಕ್ಕೆ ಎದ್ದು ನಿಲ್ಲುವುದು 4.7 ಸೆಂ.ಮೀ. ಮಾತ್ರ, ಬಾಗಿಲಿಗೆ ಕೊಡುವ ಮರದ ಬೆಣೆಯ ಹಾಗೆ. ಗಂಟೆಯ ಗೆರೆಗಳ ಗತಿ ಇನ್ನೂ ಕಷ್ಟ. ಲಂಡನ್ನಿನ ತಟ್ಟೆಯಲ್ಲಿ 12ರ ಗೆರೆಗೂ 1ರ ಗೆರೆಗೂ ಸುಮಾರು 12 ಡಿಗ್ರಿ ಅಂತರವಿದ್ದರೆ ಉಡುಪಿಯ ತಟ್ಟೆಯಲ್ಲಿ ಅದು ಮೂರೂವರೆ ಡಿಗ್ರಿ. 10 ಸೆಂ.ಮೀ. ತ್ರಿಜ್ಯದ ತಟ್ಟೆಯ ಅಂಚಿನಲ್ಲಿ ಇಡೀ ಒಂದು ಗಂಟೆಗೆ ಸಿಗುವ ಜಾಗ 6 ಮಿ.ಮೀ. ಅದೇ ತಟ್ಟೆಯಲ್ಲಿ ಸಂಜೆ 5ರಿಂದ 6ರವರೆಗಿನ ಒಂದು ಗಂಟೆ 49 ಡಿಗ್ರಿ ಹರಡಿಕೊಂಡಿರುತ್ತದೆ. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಬಿಸಿಲು ಮಾಸುವ ಹೊತ್ತಿನಲ್ಲಿ ದೂರ ದೂರ.

ಸಮಭಾಜಕಕ್ಕೆ ಹತ್ತಿರವಿರುವ ನಮಗೆ ಬೇಕಾದದ್ದು ತಟ್ಟೆಯನ್ನೇ ಎಬ್ಬಿಸಿ ನಿಲ್ಲಿಸಿದ ಗಡಿಯಾರ. ಕಡ್ಡಿ ಧ್ರುವನಕ್ಷತ್ರದ ಕಡೆ ನೋಡುತ್ತದೆ, ತಟ್ಟೆ ಆ ಕಡ್ಡಿಗೆ ಲಂಬವಾಗಿ ನಿಲ್ಲುತ್ತದೆ. ಹಾಗೆ ನಿಂತ ತಟ್ಟೆ ಭೂಮಿಯ ಸಮಭಾಜಕಕ್ಕೆ ಸಮಾನಾಂತರವಾಗಿರುವುದರಿಂದ ಸೂರ್ಯ ಅದರ ಸುತ್ತ ಗಂಟೆಗೆ 15 ಡಿಗ್ರಿಯಂತೆ ಒಂದೇ ಸಮನೆ ಸುತ್ತುತ್ತಾನೆ, ಗೆರೆಗಳೂ ಸಮ ಅಂತರದಲ್ಲಿ ಬರುತ್ತವೆ. ಜೈಪುರದ ಜಂತರ್ ಮಂತರ್‌ನಲ್ಲಿರುವ ನಾಡೀವಲಯ ಯಂತ್ರ ಇದೇ ತತ್ತ್ವದ್ದು. ಅದಕ್ಕೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಮುಖ. ಈ ಎರಡು ಮುಖಗಳಲ್ಲೇ ಋತುವಿನ ಲೆಕ್ಕ ಅಡಗಿದೆ. ಮಾರ್ಚ್ 20ರಿಂದ ಸೆಪ್ಟೆಂಬರ್ 23ರವರೆಗೆ ಬಿಸಿಲು ಬೀಳುವುದು ಉತ್ತರ ಮುಖಕ್ಕೆ, ಉಳಿದ ಅರ್ಧ ವರ್ಷ ದಕ್ಷಿಣ ಮುಖಕ್ಕೆ. ಯಾವ ಮುಖ ಬೆಳಗಿದೆ ಎಂದು ನೋಡಿದರೆ ಸಾಕು, ಸೂರ್ಯ ಸಮಭಾಜಕದ ಯಾವ ಕಡೆಗಿದ್ದಾನೆಂದು ಗೊತ್ತಾಗುತ್ತದೆ.

ಬೇಕಾಗುವ ಸಾಮಾನು

ತಟ್ಟೆಗೆ 5 ಮಿ.ಮೀ. ದಪ್ಪದ ಸನ್‌ಬೋರ್ಡ್ ತೆಗೆದುಕೊಳ್ಳಿ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಇದರ ತುಂಡುಗಳು ಸಿಗುತ್ತವೆ. ರಟ್ಟು, ಪ್ಲೈವುಡ್ ಬೇಡ. ಕರಾವಳಿಯ ತೇವಕ್ಕೆ ರಟ್ಟು ಒಂದೇ ವಾರದಲ್ಲಿ ಬಾಗಬಹುದು, ಸಾದಾ ಪ್ಲೈವುಡ್ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ತಟ್ಟೆ ಬಾಗಿದರೆ ಗಡಿಯಾರ ಹೋಯಿತೆಂದೇ ಲೆಕ್ಕ. 22 ಸೆಂ.ಮೀ. ಚೌಕದ ಒಂದು ತುಂಡು ತಟ್ಟೆಗೆ, 30 × 25 ಸೆಂ.ಮೀ. ತುಂಡು ಅಡಿಪಾಯಕ್ಕೆ. ಕಡ್ಡಿಗೆ ಸೈಕಲ್ ಸ್ಪೋಕಿನ 8.5 ಸೆಂ.ಮೀ. ತುಂಡು. ಸ್ಟೇನ್‌ಲೆಸ್ ಸ್ಟೀಲಿನದಾದರೆ ಒಳ್ಳೆಯದು, ಉಪ್ಪುಗಾಳಿಗೆ ಸಾದಾ ಸ್ಪೋಕು ತುಕ್ಕು ಹಿಡಿದು ದಪ್ಪವಾಗುತ್ತದೆ. ಹಿಡಿಸೂಡಿಯ ಕಡ್ಡಿ ಒಂದು ದಿನದ ಪ್ರಯೋಗಕ್ಕೆ ಆದೀತು, ವರ್ಷವಿಡೀ ನೇರವಾಗಿ ನಿಲ್ಲುವುದಿಲ್ಲ. ಇನ್ನು 5 ಮಿ.ಮೀ. ಗಾತ್ರದ ಎರಡು ಮಣಿ, ಎರಡು ಬಿದಿರಿನ ಕಡ್ಡಿ, ಪ್ಲಾಸ್ಟಿಕ್ ಫೈಲಿನ ಹಾಳೆಯಿಂದ ಕತ್ತರಿಸಿದ 30 ಸೆಂ.ಮೀ. ಉದ್ದ 2 ಸೆಂ.ಮೀ. ಅಗಲದ ಎರಡು ಪಟ್ಟಿ, ಹಾಟ್ ಗ್ಲೂ, ದಾರಕ್ಕೆ ಕಟ್ಟಿದ ತೂಗುಗುಂಡು. ಗಾರೆಯವರ ರಸಮಟ್ಟ, ಮೂಲೆಮಟ್ಟ ಎರಡೂ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಮಾಡುವ ಬಗೆ

ಚೌಕದ ನಟ್ಟನಡುವೆ ಮೊದಲು ರಂಧ್ರ ಕೊರೆಯಿರಿ, ಆಮೇಲೆ ಆ ರಂಧ್ರವನ್ನೇ ಕೇಂದ್ರವಾಗಿಟ್ಟು ಎರಡೂ ಬದಿಗೆ ವೃತ್ತ ಬರೆಯಿರಿ. ಈ ಕ್ರಮ ತಪ್ಪಿದರೆ ಎರಡು ಬದಿಯ ಕೇಂದ್ರಗಳು ಒಂದರ ಹಿಂದೊಂದು ಬರುವುದಿಲ್ಲ. ವೃತ್ತದ ತ್ರಿಜ್ಯ 9.55 ಸೆಂ.ಮೀ. ಈ ಅಳತೆಗೆ ಕಾರಣವಿದೆ. ಅಷ್ಟು ತ್ರಿಜ್ಯದ ಅರ್ಧ ವೃತ್ತದ ಸುತ್ತಳತೆ ಸರಿಯಾಗಿ 30 ಸೆಂ.ಮೀ., 12 ಗಂಟೆಗೆ ಹಂಚಿದರೆ ಗಂಟೆಗೆ 2.5 ಸೆಂ.ಮೀ. ಕೋನಮಾಪಕವೇ ಬೇಡ, ಮಕ್ಕಳ ಸ್ಕೇಲಿನಿಂದ ಪಟ್ಟಿಯ ಮೇಲೆ ಗುರುತು ಹಾಕಿ, ಆಮೇಲೆ ಬಗ್ಗಿಸಿ ಅಂಟಿಸಬಹುದು. ಬದಿಗೊಂದರಂತೆ ಪಟ್ಟಿ ಕೂರಬೇಕಾದದ್ದು ವೃತ್ತದ ಕೆಳಗಿನ ಅರ್ಧಕ್ಕೆ, ಈ ಚೌಕ ಹಲಗೆಗೆ ಲಂಬವಾಗಿ, ಬಾಣಲೆಯ ಅಂಚು ನಿಂತ ಹಾಗೆ. ಮೇಲರ್ಧಕ್ಕೆ ಪಟ್ಟಿ ಬೇಡ, ಬಿಸಿಲು ಬರುವುದೇ ಆ ಕಡೆಯಿಂದ.

ಸ್ಪೋಕನ್ನು ರಂಧ್ರದಲ್ಲಿ ತೂರಿಸಿ ಎರಡೂ ಬದಿಗೆ 4 ಸೆಂ.ಮೀ. ಹೊರಗಿರುವಂತೆ ಅಂಟಿಸಿ. ಹಲಗೆಯಿಂದ ಸರಿಯಾಗಿ 2 ಸೆಂ.ಮೀ. ಎತ್ತರದಲ್ಲಿ ಮಣಿಯ ನಡು ಬರುವಂತೆ ಎರಡೂ ಕಡೆ ಒಂದೊಂದು ಮಣಿ ಕೂರಿಸಿ. ಅಂಟು ಒಣಗುವ ಮೊದಲೇ ಮೂಲೆಮಟ್ಟವನ್ನು ಕಡ್ಡಿಯ ಪಕ್ಕದಲ್ಲಿ ಒಮ್ಮೆ, ಮೇಲುಗಡೆಯಿಂದ ಒಮ್ಮೆ ಹಿಡಿದು ನೋಡಬೇಕು. ಒಂದೇ ಕಡೆಯಿಂದ ನೋಡಿ ನೆಟ್ಟಗಿದೆ ಎಂದುಕೊಂಡ ಕಡ್ಡಿ ಇನ್ನೊಂದು ಕಡೆಗೆ ವಾಲಿರುವುದುಂಟು.

ಈಗ ಹಲಗೆಯನ್ನು ನಿಲ್ಲಿಸಬೇಕು. ಅದು ಪೂರ್ತಿ ನೇರ ನಿಲ್ಲುವುದಿಲ್ಲ, ಮೇಲಂಚು ದಕ್ಷಿಣಕ್ಕೆ 13.3 ಡಿಗ್ರಿ ವಾಲುತ್ತದೆ. ಅಳತೆಯಲ್ಲಿ ಹೇಳುವುದಾದರೆ ಮೇಲಂಚಿನ ನಡುವಿನಿಂದ ತೂಗುಗುಂಡು ಇಳಿಬಿಟ್ಟರೆ ಅದು ಹಲಗೆಯ ಬುಡದಿಂದ 5.1 ಸೆಂ.ಮೀ. ದಕ್ಷಿಣಕ್ಕೆ ಅಡಿಪಾಯವನ್ನು ಮುಟ್ಟಬೇಕು. ಮಂಗಳೂರಿನಲ್ಲಿ 4.9. ಎರಡು ಊರಿನ ನಡುವಿನ ವ್ಯತ್ಯಾಸ 2 ಮಿ.ಮೀ., ಆದರೂ ಅದನ್ನು ಸರಿಯಾಗಿಯೇ ಹಿಡಿಯಿರಿ. ಬುಡವನ್ನು ಅಂಟಿಸಿ, ಮೇಲಿನ ಎರಡು ಮೂಲೆಗಳಿಂದ 21.4 ಸೆಂ.ಮೀ. ಉದ್ದದ ಬಿದಿರು ಕಡ್ಡಿಗಳನ್ನು ನೇರ ಕೆಳಕ್ಕೆ ಊರುಗೋಲಾಗಿ ಕೊಡಿ. ಅಕ್ಕಪಕ್ಕದಲ್ಲಿ ತ್ರಿಕೋನದ ಗೋಡೆ ಕಟ್ಟಿ ಆಸರೆ ಕೊಡುವ ಆಸೆ ಬರುತ್ತದೆ, ನೋಡಲು ಗಟ್ಟಿಯಾಗಿಯೂ ಇರುತ್ತದೆ. ಆದರೆ ಡಿಸೆಂಬರಿನ ಬೆಳಗಿನ ಬಿಸಿಲು ದಕ್ಷಿಣ ಮುಖಕ್ಕೆ ಓರೆಯಾಗಿ ಬರುವಾಗ ಆ ಗೋಡೆಯ ನೆರಳೇ ಐದಾರು ಸೆಂಟಿಮೀಟರ್ ಒಳಗೆ ಚಾಚಿ ಗಂಟೆಯ ಗುರುತುಗಳನ್ನು ನುಂಗುತ್ತದೆ. ತೆಳ್ಳಗಿನ ಕಡ್ಡಿಯ ನೆರಳು ತೊಂದರೆ ಕೊಡುವುದಿಲ್ಲ.

ಅಂಕಿ ಬರೆಯುವಾಗ ಆಗುವ ತಪ್ಪು ಒಂದಿದೆ. ಉತ್ತರ ಮುಖದ ಎದುರು ನಿಂತರೆ ಬೆಳಗಿನ ನೆರಳು ಬಲಕ್ಕೆ, ನಡುಹಗಲಿನದು ಕೆಳಕ್ಕೆ, ಸಂಜೆಯದು ಎಡಕ್ಕೆ. ಗೋಡೆ ಗಡಿಯಾರದ ಮುಳ್ಳಿನ ಹಾಗೆಯೇ ಚಲನೆ. ದಕ್ಷಿಣ ಮುಖದಲ್ಲಿ ಅದು ತಿರುವುಮುರುವು: ಬೆಳಗ್ಗೆ ಎಡಕ್ಕೆ, ಸಂಜೆ ಬಲಕ್ಕೆ. ಒಂದೇ ಕ್ರಮದಲ್ಲಿ ಎರಡೂ ಕಡೆ ಅಂಕಿ ಬರೆದರೆ ಒಂದು ಮುಖ ಅರ್ಧ ವರ್ಷ ತಪ್ಪು ಹೇಳುತ್ತದೆ.

ಅಂಕಿಗಳನ್ನು ಎಲ್ಲಿಂದ ಶುರುಮಾಡಬೇಕೆಂಬುದೂ ಊರಿನ ಮೇಲೆ ನಿಂತಿದೆ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು. ಉಡುಪಿ ಇರುವುದು 74.75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ 31 ನಿಮಿಷ ಹಿಂದೆ. ಕೆಳಗಿನ ನಡುಗೆರೆ, ಅಂದರೆ ಪಟ್ಟಿಯ 15 ಸೆಂ.ಮೀ. ಗುರುತು, ನಮ್ಮ ಕೈಗಡಿಯಾರದ 12:31ಕ್ಕೆ ಸಮ. ಹಾಗಾಗಿ 12ರ ಅಂಕಿಯನ್ನು ನಡುಗೆರೆಯಿಂದ 1.3 ಸೆಂ.ಮೀ. ಬೆಳಗಿನ ಬದಿಗೆ, 1ರ ಅಂಕಿಯನ್ನು 1.2 ಸೆಂ.ಮೀ. ಸಂಜೆಯ ಬದಿಗೆ ಬರೆಯಿರಿ. ಅಲ್ಲಿಂದ ಎರಡೂ ಕಡೆಗೆ 2.5 ಸೆಂ.ಮೀ. ಲೆಕ್ಕದಲ್ಲಿ ಉಳಿದವು. ಮಂಗಳೂರಿಗೆ ಅರ್ಧ ನಿಮಿಷ ಕಡಿಮೆ, ಅದೇ ಅಳತೆ ನಡೆಯುತ್ತದೆ.

ಉತ್ತರ ದಿಕ್ಕು ಹುಡುಕುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಮೊಬೈಲಿನ ದಿಕ್ಸೂಚಿಯನ್ನು ತಾರಸಿಯ ಮೇಲಿಟ್ಟರೆ ಕೆಳಗಿನ ಕಬ್ಬಿಣದ ಸರಳುಗಳು ಅದನ್ನು ಎಳೆಯುತ್ತವೆ. ಒಂದು ಮೂಲೆಯಲ್ಲಿ ತೋರಿಸಿದ ಉತ್ತರವನ್ನು ನಾಲ್ಕು ಹೆಜ್ಜೆ ಆಚೆ ತೋರಿಸುವುದಿಲ್ಲ. ನೆರಳನ್ನೇ ಕೇಳುವುದು ವಾಸಿ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲಿರುವ ಶಂಕುವಿನ, ಅಂದರೆ ನೆಟ್ಟಗೆ ನಿಲ್ಲಿಸಿದ ಕಡ್ಡಿಯ, ವಿಧಾನ ಇಂದಿಗೂ ಅಷ್ಟೇ ನಿಖರ. ಮಟ್ಟವಾದ ಹಲಗೆಯ ಮೇಲೆ 10 ಸೆಂ.ಮೀ. ಎತ್ತರದ ಶಂಕು ನೆಟ್ಟು ಅದರ ಬುಡದ ಸುತ್ತ 13 ಸೆಂ.ಮೀ. ತ್ರಿಜ್ಯದ ವೃತ್ತ ಬರೆಯಿರಿ. ಜನವರಿಯ ನಡುವಿನಲ್ಲಾದರೆ ಬೆಳಗ್ಗೆ 10ರ ಸುಮಾರಿಗೆ ನೆರಳಿನ ತುದಿ ಹೊರಗಿನಿಂದ ಬಂದು ವೃತ್ತವನ್ನು ಮುಟ್ಟುತ್ತದೆ, ಮಧ್ಯಾಹ್ನ 3:20ರ ಸುಮಾರಿಗೆ ಒಳಗಿನಿಂದ ಹೊರಟು ಮತ್ತೆ ಮುಟ್ಟುತ್ತದೆ. ಎರಡು ಚುಕ್ಕಿಗಳನ್ನು ಸೇರಿಸಿದ ಗೆರೆ ಪೂರ್ವ-ಪಶ್ಚಿಮ, ಅದರ ನಡುವಿನಿಂದ ಶಂಕುವಿನ ಬುಡಕ್ಕೆ ಎಳೆದ ಗೆರೆ ಉತ್ತರ-ದಕ್ಷಿಣ.

ಅಷ್ಟು ಹೊತ್ತು ಕಾಯಲಾಗದಿದ್ದರೆ ತೂಗುಗುಂಡಿನ ದಾರದ ನೆರಳನ್ನು ನಿಜವಾದ ನಡುಹಗಲಿನ, ಅಂದರೆ ಸೂರ್ಯ ಆ ದಿನದ ಅತಿ ಎತ್ತರದಲ್ಲಿರುವ, ಕ್ಷಣದಲ್ಲಿ ಗುರುತಿಸಬಹುದು. ಉಡುಪಿಯಲ್ಲಿ ಅದು ಡಿಸೆಂಬರ್ 1ಕ್ಕೆ 12:20, ಡಿಸೆಂಬರ್ 25ಕ್ಕೆ 12:31, ಜನವರಿ 15ಕ್ಕೆ 12:40, ಫೆಬ್ರವರಿ 11ಕ್ಕೆ 12:45. ಡಿಸೆಂಬರ್, ಜನವರಿಯಲ್ಲಿ ಒಂದು ನಿಮಿಷ ತಪ್ಪಿದರೂ ದಿಕ್ಕು ಅರ್ಧ ಡಿಗ್ರಿಯಷ್ಟೂ ಕೆಡುವುದಿಲ್ಲ. ಬೇಸಗೆ ರಜೆಯಲ್ಲಿ ಮಾಡಲು ಹೋದರೆ ಮಾತ್ರ ಕೈಕೊಡುತ್ತದೆ. ಏಪ್ರಿಲ್ 20ರಿಂದ ಮೇ 2ರವರೆಗೆ ಸೂರ್ಯ ನೆತ್ತಿಗೆ ಅಂಟಿಕೊಂಡಿರುವಾಗ ನೆರಳಿನ ದಿಕ್ಕು ಒಂದು ನಿಮಿಷಕ್ಕೆ ಏಳು ಡಿಗ್ರಿಗಿಂತ ಹೆಚ್ಚು ತಿರುಗುತ್ತದೆ. ದಿಕ್ಕಿನ ಗೆರೆಯನ್ನು ಡಿಸೆಂಬರ್, ಜನವರಿಯಲ್ಲೇ ತಾರಸಿಯ ಮೇಲೆ ಬಣ್ಣದಲ್ಲಿ ಎಳೆದಿಡುವುದು ಒಳ್ಳೆಯದು.

ತಾರಸಿ ಮಟ್ಟವಾಗಿದೆ ಎಂದು ನಂಬಬೇಡಿ. ನಮ್ಮ ಮಳೆಗೆ ನೀರು ಹರಿದುಹೋಗಲೆಂದು ಅದಕ್ಕೆ ಇಳಿಜಾರು ಕೊಟ್ಟೇ ಇರುತ್ತಾರೆ. ನೂರಕ್ಕೆ ಒಂದರ ಇಳಿಜಾರು ಅರ್ಧ ಡಿಗ್ರಿಗಿಂತ ಹೆಚ್ಚು. ಅಡಿಪಾಯದ ಮೂರು ಕಡೆ ಬೋಲ್ಟ್ ಹಾಕಿ, ರಸಮಟ್ಟ ನೋಡುತ್ತಾ ತಿರುಗಿಸಿ ಸರಿಮಾಡಿ. ಬೋಲ್ಟಿನ ತುದಿ ಕೂತಲ್ಲಿ ತಾರಸಿಗೂ ಒಂದೊಂದು ಗುರುತು ಮಾಡಿಟ್ಟರೆ ರಾತ್ರಿ ಒಳಗೆ ತಂದು ಬೆಳಗ್ಗೆ ಅದೇ ಜಾಗದಲ್ಲಿ ಇಡಬಹುದು. ಜಾಗ ಆರಿಸುವಾಗ ದಕ್ಷಿಣದ ತೆಂಗಿನ ಮರಗಳನ್ನು ನೋಡಿಕೊಳ್ಳಿ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಮೇ ತಿಂಗಳಲ್ಲಿ ಅಡ್ಡ ಬಾರದ ಮರ ಆಗ ಬರುತ್ತದೆ.

ಗಡಿಯಾರ ಸರಿಯಾಗಿ ಕೂತಿದೆಯೇ ಎಂದು ಅದನ್ನೇ ಕೇಳಿ ತಿಳಿಯಬಹುದು. ಒಂದೇ ದಿನದಲ್ಲಿ ಮಣಿಯ ನೆರಳು ಕೇಂದ್ರದಿಂದ ಒಂದೇ ದೂರದಲ್ಲಿ ಕಮಾನಿನಂತೆ ಸಾಗಬೇಕು. ದಕ್ಷಿಣ ಮುಖದಲ್ಲಿ ಬೆಳಗ್ಗೆ 9ಕ್ಕೆ ನೆರಳು ಗಿಡ್ಡ, ಸಂಜೆ 4ಕ್ಕೆ ಉದ್ದ ಬಂದರೆ ಮುಖ ಪೂರ್ವದ ಕಡೆ ಹೊರಳಿದೆ ಎಂದರ್ಥ. ಸ್ವಲ್ಪ ಪಶ್ಚಿಮಕ್ಕೆ ತಿರುಗಿಸಿ. ಬೆಳಗ್ಗೆ ಸಂಜೆ ಸಮವಾಗಿದ್ದು ನಡುಹಗಲಲ್ಲಿ ಮಾತ್ರ ಬೇರೆ ಬಂದರೆ ದಿಕ್ಕು ಸರಿಯಿದೆ, ಹಲಗೆಯ ಓರೆ ತಪ್ಪಿದೆ. ತೂಗುಗುಂಡನ್ನು ಮತ್ತೊಮ್ಮೆ ಇಳಿಬಿಡಿ.

ಮಣಿಯ ನೆರಳಿನ ವರ್ಷ

ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಬಿಸಿಲು ಹಲಗೆಯ ಅಂಚನ್ನಷ್ಟೇ ಸವರುತ್ತದೆ. ಎರಡೂ ಮುಖಗಳು ಮಂಕು. ಪಟ್ಟಿ ಇಲ್ಲದ ಗಡಿಯಾರ ಈ ದಿನಗಳಲ್ಲಿ ಏನೂ ಹೇಳುವುದಿಲ್ಲ, ನೆರಳು ಹಲಗೆಯ ಮೇಲೆ ಬೀಳುವುದೇ ಇಲ್ಲ. ಪಟ್ಟಿಗೆ ಮಾತ್ರ ಬಿಸಿಲು ನೇರ ಬಡಿಯುತ್ತದೆ, ಕಡ್ಡಿಯ ನೆರಳು ಅದರ ಮೇಲೆ ಸ್ಪಷ್ಟ ಗೆರೆಯಾಗಿ ಕಾಣುತ್ತದೆ. ಮಣಿಯ ನೆರಳು ಪಟ್ಟಿಯ ಹೊರ ಅಂಚಿನಲ್ಲಿರುತ್ತದೆ, ಏಕೆಂದರೆ ಮಣಿಯ ಎತ್ತರವೂ ಪಟ್ಟಿಯ ಅಗಲವೂ 2 ಸೆಂ.ಮೀ. ಅಲ್ಲಿಂದ ಅದು ದಿನಕ್ಕೆ ಮಿಲಿಮೀಟರಿನ ಮೂರರಲ್ಲಿ ಎರಡು ಪಾಲಿನಂತೆ ದಕ್ಷಿಣ ಮುಖದ ಪಟ್ಟಿಯಲ್ಲಿ ಹಲಗೆಯ ಕಡೆಗೆ ಇಳಿಯುತ್ತದೆ. ಅಕ್ಟೋಬರ್ 24ರ ಹೊತ್ತಿಗೆ ಪಟ್ಟಿ ಮುಗಿದು ಹಲಗೆಗೆ ಕಾಲಿಡುತ್ತದೆ. ನವೆಂಬರ್ 20ಕ್ಕೆ ಕೇಂದ್ರದಿಂದ 5.6 ಸೆಂ.ಮೀ., ಡಿಸೆಂಬರ್ 21ಕ್ಕೆ 4.6. ಅಲ್ಲಿ ತಿರುಗಿ ಹೊರಮುಖವಾಗುತ್ತದೆ. ಫೆಬ್ರವರಿ 17ರ ಸುಮಾರಿಗೆ ಮತ್ತೆ ಪಟ್ಟಿ ಹತ್ತಿ, ಮಾರ್ಚ್ 20ಕ್ಕೆ ಅಂಚು ತಲುಪಿ, ಆಚೆ ಬದಿಗೆ ದಾಟುತ್ತದೆ.

ಇಲ್ಲಿ ಗಮನಿಸಬೇಕಾದದ್ದು ವೇಗ. ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಸೂರ್ಯ ದಿನಕ್ಕೆ 0.4 ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ. ಡಿಸೆಂಬರ್ 11ರಿಂದ 21ರವರೆಗಿನ ಹತ್ತು ದಿನದಲ್ಲಿ ಸರಿಯುವುದೂ ಅಷ್ಟೇ. ಉಯ್ಯಾಲೆ ತುದಿಗೆ ಹೋದಾಗ ಒಂದು ಕ್ಷಣ ನಿಂತಂತೆ ಕಾಣುವ ಹಾಗೆ. ಡಿಸೆಂಬರಿನಲ್ಲಿ ದಿನಾ ಅಳೆದು ನೆರಳು ಅಲುಗುತ್ತಿಲ್ಲ ಎಂದು ಮಕ್ಕಳು ಬೇಸರಪಟ್ಟರೆ ಗಡಿಯಾರದ ತಪ್ಪಲ್ಲ. ಮಾರ್ಚ್ ಮೊದಲ ವಾರದಲ್ಲಿ ಶುರುಮಾಡಿಸಿದರೆ ದಿನದಿನದ ಚಲನೆ ಕಣ್ಣಿಗೇ ಕಾಣುತ್ತದೆ.

ಉತ್ತರ ಮುಖದ ಪಾಲಿಗೆ ಸಿಗುವ ಬಿಸಿಲು ನಮ್ಮಲ್ಲಿ ಕಡಿಮೆ. ಮಾರ್ಚ್ 20ರಿಂದ ಮೇ ಕೊನೆಯವರೆಗೆ, ಆಮೇಲೆ ಮುಂಗಾರಿನ ಮೋಡ. ಕರಾವಳಿಯಲ್ಲಿ ಈ ಗಡಿಯಾರದ ದುಡಿಯುವ ಮುಖ ದಕ್ಷಿಣದ್ದು, ಅದನ್ನು ಹೆಚ್ಚು ಅಚ್ಚುಕಟ್ಟಾಗಿ ಮಾಡಿ.

ಕೈಗಡಿಯಾರದ ಜೊತೆ ಏಕೆ ತಾಳೆಯಾಗುವುದಿಲ್ಲ

31 ನಿಮಿಷವನ್ನು ಸರಿಪಡಿಸಿದ ಮೇಲೂ ಫೆಬ್ರವರಿ 11ರ ಸುಮಾರಿಗೆ ನೆರಳು 14 ನಿಮಿಷ ಹಿಂದಿರುತ್ತದೆ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂದಿರುತ್ತದೆ. ಮೇ 14ಕ್ಕೆ ಸುಮಾರು 4 ನಿಮಿಷ ಮುಂದೆ, ಜುಲೈ 26ಕ್ಕೆ ಆರೂವರೆ ನಿಮಿಷ ಹಿಂದೆ. ಪೂರ್ತಿ ಹೊಂದುವುದು ವರ್ಷದಲ್ಲಿ ನಾಲ್ಕೇ ದಿನ: ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸು. ಇದಕ್ಕೆ ಎರಡು ಕಾರಣ. ಭೂಮಿಯ ದಾರಿ ಪೂರ್ತಿ ವೃತ್ತವಲ್ಲ, ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಓಡುತ್ತದೆ, ಜುಲೈ ಮೊದಲ ವಾರದಲ್ಲಿ ದೂರವಿದ್ದು ನಿಧಾನ. ಇನ್ನೊಂದು, ಭೂಮಿಯ ಅಕ್ಷದ 23.4 ಡಿಗ್ರಿ ಓರೆ. ಸೂರ್ಯ ಓರೆ ದಾರಿಯಲ್ಲಿ ನಡೆಯುವುದರಿಂದ ಅವನ ನಡಿಗೆಯಲ್ಲಿ ಒಂದು ಪಾಲು ಉತ್ತರ-ದಕ್ಷಿಣಕ್ಕೆ ಹೋಗುತ್ತದೆ, ಪೂರ್ವಕ್ಕೆ ಉಳಿಯುವ ಪಾಲು ದಿನದಿನಕ್ಕೆ ಬದಲಾಗುತ್ತದೆ. ಈ ಎರಡರ ಮೊತ್ತ ಕೈಗಡಿಯಾರಕ್ಕೂ ನೆರಳಿಗೂ ಇರುವ ಅಂತರ. ಮೇಲಿನ ಅಂಕಿಗಳನ್ನು ಹಲಗೆಯ ಮೂಲೆಯಲ್ಲೇ ಬರೆದಿಡಿ, ಹಿಂದಿದ್ದಾಗ ಕೂಡಿಸಿ, ಮುಂದಿದ್ದಾಗ ಕಳೆಯಿರಿ. ಇಷ್ಟು ಮಾಡಿದರೆ 5 ನಿಮಿಷದೊಳಗಿನ ನಿಖರತೆ ಸಿಗುತ್ತದೆ. ಅದಕ್ಕಿಂತ ಸೂಕ್ಷ್ಮವಾಗಿ ಓದಲು ಹೋದರೆ ಸೂರ್ಯನ ಬಿಂಬವೇ ಅಡ್ಡಬರುತ್ತದೆ. ಅದರ ಅಗಲ ಅರ್ಧ ಡಿಗ್ರಿ, ಅಂದರೆ 2 ನಿಮಿಷ, ನೆರಳಿನ ಅಂಚು ಅಷ್ಟು ಮಸುಕಾಗಿಯೇ ಇರುತ್ತದೆ.

ಈ ಏರುಪೇರಿನಿಂದಲೇ ಮಲ್ಪೆಯಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ಡಿಸೆಂಬರ್ 21ರಂದಲ್ಲ, ನವೆಂಬರ್ 20ರ ಸುಮಾರಿಗೆ. ಬೆಳಗು ಅತಿ ತಡವಾಗುವುದು ಜನವರಿ ಕೊನೆಯ ವಾರದಲ್ಲಿ. ಹಗಲು ಅತಿ ಗಿಡ್ಡವಾಗಿರುವುದು ಮಾತ್ರ ಡಿಸೆಂಬರ್ 21ಕ್ಕೇ, ಸುಮಾರು 11 ಗಂಟೆ 20 ನಿಮಿಷ. ಜೂನ್ 21ರ ಹಗಲು 12 ಗಂಟೆ 50 ನಿಮಿಷ ದಾಟುತ್ತದೆ. ವರ್ಷವಿಡೀ ಇರುವ ವ್ಯತ್ಯಾಸ ಒಂದೂವರೆ ಗಂಟೆಯಾದ್ದರಿಂದ ನಮ್ಮಲ್ಲಿ ಹಗಲಿನ ಉದ್ದ ಯಾರ ಗಮನಕ್ಕೂ ಬರುವುದಿಲ್ಲ. ಕಡಲಿನಲ್ಲಿ ಸೂರ್ಯ ಮುಳುಗುವ ಜಾಗ ಮಾತ್ರ ದೊಡ್ಡದಾಗಿ ಸರಿಯುತ್ತದೆ. ಡಿಸೆಂಬರಿನಲ್ಲಿ ನೇರ ಪಶ್ಚಿಮದಿಂದ 24 ಡಿಗ್ರಿ ಎಡಕ್ಕೆ, ಕೈ ಚಾಚಿ ಹಿಡಿದ ಮುಷ್ಟಿಯಲ್ಲಿ ಎರಡೂವರೆ ಮುಷ್ಟಿ.

ಜೊತೆಗೊಂದು ಶಂಕು

ಉತ್ತರ ಹುಡುಕಲು ಮಾಡಿದ ಶಂಕುವನ್ನು ಎಸೆಯಬೇಡಿ. ಅದರ ತುದಿಗೂ ಒಂದು ಮಣಿ ಸಿಕ್ಕಿಸಿ, ಮಣಿಯ ನಡುವಿನವರೆಗೆ ಹಲಗೆಯ ಮೇಲ್ಮೈಯಿಂದ ಸರಿಯಾಗಿ 10 ಸೆಂ.ಮೀ. ಇರಲಿ. ಹಲಗೆಯೊಳಗೆ ಹೂತುಹೋದ ಭಾಗವನ್ನು ಸೇರಿಸಿ ಅಳೆಯುವುದು ಸಾಮಾನ್ಯ ತಪ್ಪು. ನಡುಹಗಲಿನ ನೆರಳು ಉಡುಪಿಯಲ್ಲಿ ಹೀಗೆ ನಡೆಯುತ್ತದೆ: ಡಿಸೆಂಬರ್ 21ಕ್ಕೆ ಉತ್ತರಕ್ಕೆ 7.5 ಸೆಂ.ಮೀ., ಮಾರ್ಚ್ 20ಕ್ಕೆ 2.4, ತುಳುವರ ಹೊಸವರ್ಷ ಬಿಸುವಿನಂದು (ಏಪ್ರಿಲ್ 14ರ ಸುಮಾರು) 0.7, ಏಪ್ರಿಲ್ 25ಕ್ಕೆ ಸೊನ್ನೆ. ಆಮೇಲೆ ನೆರಳು ದಕ್ಷಿಣಕ್ಕೆ ಹೊರಳುತ್ತದೆ, ಜೂನ್ 21ಕ್ಕೆ ಆ ಕಡೆ 1.8. ಮೇ ತಿಂಗಳಲ್ಲಿ ಮನೆಯ ಉತ್ತರದ ಗೋಡೆಗೆ ನಡುಹಗಲ ಬಿಸಿಲು ತಾಗುವುದು ಇದರಿಂದಲೇ. ಮಂಗಳೂರಿನಲ್ಲಿ ನೆರಳಿಲ್ಲದ ದಿನ ಏಪ್ರಿಲ್ 24, ಒಂದು ದಿನ ಮೊದಲು. ಎರಡೂ ಊರಿನಲ್ಲಿ ಆ ಕ್ಷಣ 12:29ರ ಆಚೀಚೆ. ಆಗ ನೆಟ್ಟಗೆ ನಿಲ್ಲಿಸಿದ ಪೈಪಿನೊಳಗಿಂದ ಬಿಸಿಲು ಸೀದಾ ನೆಲ ಮುಟ್ಟಿ, ಪೈಪಿನ ಸುತ್ತ ಒಂದೆಳೆ ನೆರಳೂ ಇರುವುದಿಲ್ಲ.

ಈ ಅಂಕಿಗಳು ಬರೀ ನೋಟಕ್ಕಲ್ಲ. ಮಾರ್ಚ್ 20ರ 2.4ನ್ನು ಶಂಕುವಿನ 10ರಿಂದ ಭಾಗಿಸಿದರೆ 0.24, ಕ್ಯಾಲ್ಕುಲೇಟರಿನಲ್ಲಿ ಅದರ ಟ್ಯಾನ್ ವಿಲೋಮ ಒತ್ತಿದರೆ 13.5 ಡಿಗ್ರಿ, ಉಡುಪಿಯ ಅಕ್ಷಾಂಶಕ್ಕೆ ಕೂದಲೆಳೆಯ ಹತ್ತಿರ. ಡಿಸೆಂಬರ್ 21ರ 7.5ರಿಂದ ಬರುವುದು 36.9. ಅದರಲ್ಲಿ ಅಕ್ಷಾಂಶದ 13.3 ಕಳೆದರೆ ಉಳಿಯುವ 23.6 ಭೂಮಿಯ ಅಕ್ಷದ ಓರೆ. ತಾರಸಿಯಲ್ಲಿ ಒಂದು ಕಡ್ಡಿ, ಒಂದು ಸ್ಕೇಲು ಹಿಡಿದು ಹೈಸ್ಕೂಲಿನ ಮಗು ಭೂಮಿಯ ಓರೆಯನ್ನು ಅಳೆಯಬಹುದು ಎಂಬುದು ಸಣ್ಣ ಮಾತಲ್ಲ. ಹಿಂದಿನ ಪಂಚಾಂಗಕಾರರು 12 ಅಂಗುಲದ ಶಂಕುವಿನ ವಿಷುವದಿನದ, ಅಂದರೆ ಸೂರ್ಯ ಸಮಭಾಜಕದ ನೇರಕ್ಕೆ ಬರುವ ದಿನದ, ನಡುಹಗಲ ನೆರಳನ್ನು ಪಲಭಾ ಎಂದು ಕರೆದು, ಊರಿನ ಗುರುತಾಗಿ ಅದನ್ನೇ ಬಳಸುತ್ತಿದ್ದರು. ಉಡುಪಿಯ ಪಲಭಾ 2.85 ಅಂಗುಲ, ಮಂಗಳೂರಿನದು 2.74.

ನೆರಳು ಅಳೆಯುವವರಿಗೆಲ್ಲ ಏಳುವ ಪ್ರಶ್ನೆಯೊಂದಿದೆ. ಬಿಸು ವಿಷುವ ಶಬ್ದದಿಂದಲೇ ಬಂದದ್ದು, ಹಾಗಿದ್ದರೆ ಅಂದು ಬಿಸಿಲು ಹಲಗೆಯ ಅಂಚನ್ನು ಸವರಬೇಕಲ್ಲ? ಗಡಿಯಾರ ಆ ದಿನವನ್ನು ಮಾರ್ಚ್ 20 ಎನ್ನುತ್ತದೆ, ತುಳುನಾಡಿನಲ್ಲಿ ಪಗ್ಗು ತಿಂಗಳು ಹುಟ್ಟುವ ಬಿಸು ಬರುವುದು ಏಪ್ರಿಲ್ 14ರ ಸುಮಾರಿಗೆ. ಹಾಗೆಯೇ ನೆರಳು ಉತ್ತರಾಯಣಕ್ಕೆ ತಿರುಗುವುದು ಡಿಸೆಂಬರ್ 21ಕ್ಕೆ, ಉಡುಪಿಯ ರಥಬೀದಿಯಲ್ಲಿ ಮೂರು ತೇರು ಎಳೆಯುವ ಮಕರ ಸಂಕ್ರಾಂತಿ ಜನವರಿ 14ರ ಸುಮಾರಿಗೆ. ಎರಡೂ ಕಡೆ 24-25 ದಿನದಷ್ಟು ಅಂತರ. ನಮ್ಮ ಸೌರಮಾನ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಎಣಿಸುತ್ತದೆ, ಶಂಕು ಸಮಭಾಜಕದಿಂದ ಎಣಿಸುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತೂಗುವುದರಿಂದ ಈ ಎರಡು ಲೆಕ್ಕಗಳು 72 ವರ್ಷಕ್ಕೆ ಸುಮಾರು ಒಂದು ದಿನದಂತೆ ದೂರವಾಗುತ್ತಿವೆ. ಸುಮಾರು 1,700 ವರ್ಷಗಳ ಹಿಂದೆ ಅವು ಒಂದೇ ದಿನ ಬರುತ್ತಿದ್ದವು. ಪಂಚಾಂಗವೂ ತಪ್ಪಲ್ಲ, ಶಂಕುವೂ ತಪ್ಪಲ್ಲ, ಇಬ್ಬರೂ ಅಳೆಯುತ್ತಿರುವುದು ಬೇರೆ ಬೇರೆ.

ಇದೇ ಶಂಕುವಿನಿಂದ ಇನ್ನೊಂದು ಕೆಲಸ ಮಾಡಿಸಬಹುದು. ನಿಜವಾದ ನಡುಹಗಲಿಗೆ ಕಾಯದೆ ವಾರಕ್ಕೊಮ್ಮೆ ಕೈಗಡಿಯಾರದ 12:31ಕ್ಕೇ ಮಣಿಯ ನೆರಳಿಗೆ ಚುಕ್ಕಿ ಇಟ್ಟು, ಪಕ್ಕದಲ್ಲಿ ತಾರೀಕು ಬರೆಯುತ್ತಾ ಹೋಗಿ. ಚುಕ್ಕಿಗಳು ನೇರ ಗೆರೆಯಲ್ಲಿ ಬರುವುದಿಲ್ಲ. ಫೆಬ್ರವರಿಯವು ಪಶ್ಚಿಮಕ್ಕೆ 7 ಮಿ.ಮೀ. ಸರಿದಿರುತ್ತವೆ, ನವೆಂಬರಿನವು ಪೂರ್ವಕ್ಕೆ 8 ಮಿ.ಮೀ. ವರ್ಷ ತುಂಬಿದಾಗ 9.3 ಸೆಂ.ಮೀ. ಉದ್ದದ, ಒಂದೂವರೆ ಸೆಂ.ಮೀ. ಅಗಲದ ಇಂಗ್ಲಿಷ್ 8ರ ಆಕಾರ ಮೂಡುತ್ತದೆ. ದೊಡ್ಡ ಕುಣಿಕೆ ಚಳಿಗಾಲದ್ದು. ಸಣ್ಣ ಕುಣಿಕೆ ಬೇಸಗೆ, ಮಳೆಗಾಲದ್ದು, ಅದು ನಮ್ಮ ಅಕ್ಷಾಂಶದಲ್ಲಿ ಶಂಕುವಿನ ಬುಡವನ್ನೇ ಸುತ್ತುತ್ತದೆ, 4 ಮಿ.ಮೀ. ಅಗಲವಷ್ಟೇ. ದಪ್ಪ ಶಂಕುವಾದರೆ ಕುಣಿಕೆ ಅದರ ಅಡಿಯಲ್ಲೇ ಮುಚ್ಚಿಹೋಗುತ್ತದೆ. ಇದನ್ನು ಪೂರ್ತಿ ನೋಡಬೇಕೆನ್ನುವವರು ಶಂಕುವಿನ ಬದಲು 10 ಸೆಂ.ಮೀ. ಎತ್ತರದಲ್ಲಿ ಅಂಗೈ ಅಗಲದ ತಗಡನ್ನು ಮಟ್ಟವಾಗಿ ಹಿಡಿದು ನಿಲ್ಲಿಸಿ, ಅದರಲ್ಲಿ 2 ಮಿ.ಮೀ. ರಂಧ್ರ ಕೊರೆದು, ಕೆಳಗೆ ಬೀಳುವ ಬೆಳಕಿನ ಚುಕ್ಕಿಯನ್ನು ಗುರುತಿಸಬೇಕು. ಬೆಳಕಿನ ಚುಕ್ಕಿಗೆ ಬುಡ ಅಡ್ಡ ಬರುವುದಿಲ್ಲ. ಚುಕ್ಕಿಯನ್ನಷ್ಟೇ ನೋಡಿ, ರಂಧ್ರದ ಮೂಲಕ ಸೂರ್ಯನನ್ನು ನೋಡಬಾರದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚುಕ್ಕಿಗಳಲ್ಲಿ ಹಲವು ಸಿಗುವುದಿಲ್ಲ. ಸಿಗದ ವಾರವನ್ನು ಅಂದಾಜಿನಲ್ಲಿ ತುಂಬಬೇಡಿ, ಖಾಲಿ ಬಿಡಿ. ಮುಂದಿನ ವರ್ಷ ಅದೇ ವಾರ ಅರ್ಧ ಗಂಟೆ ಬಿಸಿಲು ಬಂದರೆ ಚುಕ್ಕಿ ಅಲ್ಲೇ ಬೀಳುತ್ತದೆ, ವರ್ಷದಿಂದ ವರ್ಷಕ್ಕೆ ಜಾಗ ಬದಲಾಗುವುದು ಕಣ್ಣಿಗೆ ಕಾಣದಷ್ಟು. ಎರಡನೆಯ ನೆರಳಿಲ್ಲದ ದಿನವಾದ ಆಗಸ್ಟ್ 17 ತುಳುವರ ಸೋಣ ತಿಂಗಳ ಮೊದಲ ದಿನಗಳಲ್ಲೇ ಬರುತ್ತದೆ. ಉಡುಪಿಯಲ್ಲಿ ಅಂದಿನ ಹೊತ್ತು 12:35. ಐದು ನಿಮಿಷ ಮೋಡ ಸರಿದರೂ ಸಾಕು, ಆದ್ದರಿಂದ ಅಂದು 12:20ಕ್ಕೇ ಎಲ್ಲ ಸಜ್ಜುಮಾಡಿ ಕಾಯಿರಿ. ಮಳೆ ಹಿಡಿದ ತಿಂಗಳುಗಳಲ್ಲಿ ಗಡಿಯಾರವನ್ನು ಒಳಗಿಟ್ಟು, ಸ್ಪೋಕಿಗೆ ಒಂದು ಹನಿ ತೆಂಗಿನೆಣ್ಣೆ ಸವರಿ. ಸೆಪ್ಟೆಂಬರ್ ಮೂರನೆಯ ವಾರ ಹೊರಗೆ ತಂದಿಟ್ಟು ರಸಮಟ್ಟ, ತೂಗುಗುಂಡು ಎರಡನ್ನೂ ಮತ್ತೆ ನೋಡಿ. ಆಮೇಲೆ ದಕ್ಷಿಣ ಮುಖದ ಪಟ್ಟಿಯ ಹೊರ ಅಂಚಿನಲ್ಲಿ ಮಣಿಯ ನೆರಳನ್ನು ಹುಡುಕಿ.